ತಕ್ಕಡಿ ಸಾಹೇಬರ ಕೂಲಿಂಗ್ ಗ್ಲಾಸು

ತಕ್ಕಡಿ ಸಾಹೇಬರು ಹಾಲಿನವನನ್ನು ನಂಬುತ್ತಿರಲಿಲ್ಲ, ಅವನ ಅಳತೆಯ ಲೋಟವನ್ನೂ ನಂಬುತ್ತಿರಲಿಲ್ಲ. ಗಡಿಯಾರದಂಗಡಿಗೆ ಹೋದರೆ ಗೋಡೆಯ ಮೇಲಿನ ಗಡಿಯಾರಗಳನ್ನೆಲ್ಲ ತಮ್ಮ ಕೈಗಡಿಯಾರಕ್ಕೆ ಹೋಲಿಸಿ ನೋಡಿ, ಕೊನೆಗೆ ಕೈಗಡಿಯಾರದ ಮೇಲೇ ಸಂಶಯಪಡುತ್ತಾ ಹೊರಗೆ ಬರುತ್ತಿದ್ದರು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಅವರು ತಪಾಸಣಾಧಿಕಾರಿ. ತಟ್ಟೆಯ ಅಡಿಗೆ ಅಂಟಿಸಿದ ಅಯಸ್ಕಾಂತ, ಒಳಗೊಳಗೇ ಕೊರೆದು ಹಗುರ ಮಾಡಿದ ತೂಕದ ಕಲ್ಲು, ತಳ ಎತ್ತರಿಸಿದ ಎಣ್ಣೆಯ ಅಳತೆ, ಇಂಥವನ್ನೆಲ್ಲ ಹಿಡಿಯುವುದರಲ್ಲಿ ಅವರದು ಎತ್ತಿದ ಕೈ. ಅವರ ಜೀಪು ಮಾರುಕಟ್ಟೆಯ ಬಾಗಿಲಿಗೆ ಬಂತೆಂದರೆ ಒಳಗಿನ ಕೊನೆಯ ಅಂಗಡಿಯವನೂ ಒಮ್ಮೆ ಎದ್ದು ಕೂರುತ್ತಿದ್ದ. ತಕ್ಕಡಿ ಎಂಬ ಹೆಸರಿಟ್ಟವರು ವ್ಯಾಪಾರಿಗಳೇ. ಎದುರಿಗೆ ಸಾಹೇಬರೇ ಎನ್ನುತ್ತಿದ್ದರು, ಬೆನ್ನು ತಿರುಗಿದರೆ ಬರೀ ತಕ್ಕಡಿ.

ಕಳ್ಳನನ್ನು ಗುರುತಿಸಲು ಅವರ ಬಳಿ ಒಂದು ಸೂತ್ರವಿತ್ತು. ತಟ್ಟೆಗೆ ಕಲ್ಲು ಇಡುವ ಮುನ್ನ ವ್ಯಾಪಾರಿ ಒಂದು ಕ್ಷಣ ತಡೆದನೋ, ಅವನಲ್ಲಿ ಏನೋ ಹುಳುಕಿದೆ. ಸತ್ಯ ಹೇಳುವವನಿಗೆ ಯೋಚಿಸುವ ಕೆಲಸವೇ ಇರುವುದಿಲ್ಲ ಎಂದು ಅವರು ಹೊಸದಾಗಿ ಸೇರಿದವರಿಗೆಲ್ಲ ಪಾಠ ಹೇಳುತ್ತಿದ್ದರು. ಕಚೇರಿಯಲ್ಲಿ ಈ ಸೂತ್ರದಿಂದ ಒಳ್ಳೆಯ ಹೆಸರು ಬಂತು. ಆದರೆ ಮನುಷ್ಯ ಸಂಜೆ ಮನೆಗೆ ಬರುವಾಗ ಕಚೇರಿಯನ್ನು ಕಚೇರಿಯಲ್ಲೇ ಬಿಟ್ಟು ಬರಬೇಕಲ್ಲ. ಸಾಹೇಬರು ಹಾಗೆ ಬಿಟ್ಟು ಬರುವ ಪೈಕಿಯಲ್ಲ. ಅಣ್ಣನ ಕಾಂಪೌಂಡು ಗೋಡೆಗೆ ಟೇಪು ಹಿಡಿದು ಅಳೆದರು, ಅಣ್ಣ ಮಾತು ಬಿಟ್ಟ. ಪಕ್ಕದ ಮನೆಯವರ ನೀರಿನ ಪೈಪಿನ ಜಾಡು ಹಿಡಿದು ಹೊರಟರು, ಅವರೂ ಮುಖ ತಿರುಗಿಸಿಕೊಂಡರು. ಹೀಗೆ ಅಳೆದೂ ತೂಗಿ ಕೊನೆಗೆ ಒಬ್ಬನೇ ಉಳಿದಿದ್ದ, ಭಾವಮೈದ.

ಭಾವಮೈದನೆಂದರೆ ಹೆಂಡತಿಯ ತಮ್ಮ, ಅವಳಿಗಿದ್ದ ಒಬ್ಬನೇ ಒಡಹುಟ್ಟು. ಅವನದು ಡ್ರೈವಿಂಗ್ ಸ್ಕೂಲು. ಕಲಿಯುವವರು ಎಷ್ಟೇ ಎಡವಟ್ಟು ಮಾಡಿದರೂ ಪಕ್ಕದಲ್ಲಿ ಕೂತು ತನ್ನ ಕಾಲಿನ ಬಳಿಯ ಬ್ರೇಕನ್ನು ಮೆಲ್ಲಗೆ ಒತ್ತಿ, "ಚೆನ್ನಾಗಿ ನಿಲ್ಲಿಸಿದ್ರಿ" ಎನ್ನುವ ಜಾತಿಯವನು. ಇಂಥವನನ್ನು ನಂಬುವುದಾದರೂ ಹೇಗೆ ಎಂಬುದು ಸಾಹೇಬರ ವಾದ. ಆದರೂ ದಿನಾ ಬೆಳಿಗ್ಗೆ ನೀರಿನ ಟ್ಯಾಂಕಿನ ಹಿಂದಿನ ಮೈದಾನದಲ್ಲಿ ಇಬ್ಬರೂ ಟೆನಿಸ್ ಆಡುತ್ತಿದ್ದರು. ಕೆಂಪು ಮಣ್ಣಿನ ನೆಲ, ಸುಣ್ಣದ ಗೆರೆ, ನಡುವೆ ಒಂದು ಕಡೆ ಜೋತುಬಿದ್ದ ನೆಟ್ಟು.

ಅಲ್ಲಿ ಅಂಪೈರ್ ಇರಲಿಲ್ಲ. ಇಂಥ ಮೈದಾನಗಳಲ್ಲಿ ಎಲ್ಲೂ ಇರುವುದಿಲ್ಲ. ಚೆಂಡು ಯಾರ ಕಡೆ ಬೀಳುತ್ತದೋ ಅವರೇ ಒಳಗೋ ಹೊರಗೋ ಎಂದು ಹೇಳಬೇಕು, ಎದುರಿನವರು ಒಪ್ಪಿಕೊಳ್ಳಬೇಕು. ನಿಮ್ಮ ಹೊಡೆತದ ತೀರ್ಪು ನಿಮ್ಮ ಎದುರಾಳಿಯ ಬಾಯಲ್ಲಿ. ತೂಕವನ್ನು ವ್ಯಾಪಾರಿಯೇ ನೋಡಿ ವ್ಯಾಪಾರಿಯೇ ಹೇಳಿದ ಹಾಗೆ ಇದು, ಇಂಥ ಏರ್ಪಾಡನ್ನು ಸಾಹೇಬರು ಇಷ್ಟು ವರ್ಷ ಹೇಗೆ ಸಹಿಸಿಕೊಂಡರೋ ನನಗಂತೂ ಗೊತ್ತಿಲ್ಲ.

ಈಚೆಗೆ ಸಹಿಸುವುದು ಕಷ್ಟವಾಗಿತ್ತು. ಕಾರಣ, ಅವರ ದೂರದ ದೃಷ್ಟಿ ಮಂಜಾಗುತ್ತಾ ಬಂದಿತ್ತು. ಕಚೇರಿಯ ಕನ್ನಡಕ ಹಾಕಿಕೊಂಡು ಆಡಿದರೆ ಬೆವರಿಗೆ ಮೂಗಿನಿಂದ ಜಾರುತ್ತಿತ್ತು, ಮೇಲೆ ಬೆಳಗಿನ ಬಿಸಿಲು ನೇರ ಕಣ್ಣಿಗೆ. ಹಾಗಾಗಿ ಬರಿಗಣ್ಣಲ್ಲೇ ಆಡುತ್ತಿದ್ದರು. ಆಚೆ ತುದಿಯ ಗೆರೆ ಅವರಿಗೆ ಗೆರೆಯಾಗಿ ಕಾಣುತ್ತಿರಲಿಲ್ಲ, ಯಾರೋ ಒರೆಸಿ ಬಿಟ್ಟಂತೆ ಕಾಣುತ್ತಿತ್ತು. ಚೆಂಡು ಎಲ್ಲಿ ಬಿತ್ತೆಂದು ಕಾಣುತ್ತಿರಲಿಲ್ಲ. ಆದರೆ ಕಿವಿ ಚುರುಕಾಗಿತ್ತು. ಚೆಂಡು ಬಿದ್ದಮೇಲೆ ಭಾವಮೈದ ತೀರ್ಪು ಹೇಳುವುದಕ್ಕೆ ಒಂದು ಕ್ಷಣ ತಡೆಯುತ್ತಿದ್ದ. ಪ್ರತಿ ಸಲ ಅಲ್ಲ. ಒಂದೊಂದು ಸಲ ಮಾತ್ರ.

"ನಿನ್ನ ತಮ್ಮ ಸುಳ್ಳು ಹೇಳ್ತಿದ್ದಾನೆ," ಎಂದರು ಒಂದು ದಿನ ಹೆಂಡತಿಯ ಮುಂದೆ.

ಹೆಂಡತಿ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟಳು. "ನೀವೇ ತಾನೆ ದಿನಾ ಗೆದ್ದು ಬರ್ತಿರೋದು?"

"ಗೆಲ್ತಿದ್ದೀನಿ. ಆದ್ರೆ ಇನ್ನೂ ಜೋರಾಗಿ ಗೆಲ್ಲಬೇಕಿತ್ತು. ಒಂದು ಒಳ್ಳೆ ಹೊಡೆತ ಹೊಡೆದ್ರೆ ಅವನು ತಡೆದು ಯೋಚನೆ ಮಾಡ್ತಾನೆ. ಯೋಚನೆ ಯಾಕೆ ಬೇಕು? ಬಿದ್ದದ್ದು ಬಿದ್ದ ಹಾಗೆ ಹೇಳೋಕೆ ಏನು ರೋಗ?"

"ಸುಮ್ನೆ ಆಡ್ಕೊಂಡು ಬನ್ನಿ. ನಿಮ್ಮ ಕಡೆ ಅಂತ ಇನ್ಯಾರು ಉಳಿದಿದ್ದಾರೆ ಹೇಳಿ? ನನಗೂ ಇರೋನು ಅವನೊಬ್ಬನೇ."

"ಅದಕ್ಕೇ ಮೊದಲು ಕಣ್ಣಾರೆ ನೋಡ್ತೀನಿ. ಸಾಬೀತಾದ್ರೆ ಮಾತ್ರ ಅವನು ಈ ಮನೆ ಹೊಸಿಲು ತುಳಿಯೋ ಹಾಗಿಲ್ಲ."

ಹೆಂಡತಿಯ ಮುಖ ಸಣ್ಣದಾಯಿತು. ಗಂಡ ಹೇಳಿದಂತೆ ಮಾಡುವವರೆಂದು ಅವಳಿಗೆ ಗೊತ್ತಿತ್ತು. ಸ್ವಂತ ಅಣ್ಣನ ವಿಷಯದಲ್ಲೂ ಹೀಗೇ ಹೇಳಿದ್ದರು. "ಕನ್ನಡಕ ಗಿನ್ನಡಕ ಅಂತ ಸುಮ್ನೆ ಯಾಕೆ ತೊಂದರೆ," ಎಂದು ಗೊಣಗಿದಳು. ಕನ್ನಡಕದ ಮಾತನ್ನು ತಾವಿನ್ನೂ ಎತ್ತಿಯೇ ಇಲ್ಲವಲ್ಲ ಎಂದು ಸಾಹೇಬರಿಗೆ ಹೊಳೆಯಿತು. ಅಂದಿನಿಂದ ಹೆಂಡತಿಯ ಮೇಲೂ ಒಂದು ಕಣ್ಣಿಟ್ಟರು.

ಕನ್ನಡಕದಂಗಡಿಯಲ್ಲಿ ಕೂತಿದ್ದವಳು ನಡುವಯಸ್ಸಿನ ಹೆಂಗಸು. ಸಾಹೇಬರು ಒಳಗೆ ಬಂದವರೇ ಮೊದಲು ದೀಪಗಳನ್ನು ನೋಡಿದರು. ಅಂಗಡಿಯಲ್ಲಿ ಹೆಚ್ಚು ಬೆಳಕಿಟ್ಟರೆ ಎಂಥ ಗಾಜೂ ಚೆನ್ನಾಗಿ ಕಾಣುತ್ತದೆ ಎಂಬುದು ಅವರಿಗೆ ತಿಳಿಯದ್ದಲ್ಲ.

"ಆಟಕ್ಕೆ ಬೇಕು. ಪವರ್ ಇರಬೇಕು, ಬಿಸಿಲೂ ತಡೀಬೇಕು. ಆದ್ರೆ ನೋಡಿದವರಿಗೆ ಪವರ್ ಇದೆ ಅಂತ ಗೊತ್ತಾಗಬಾರದು."

ಕೊನೆಯ ಮಾತಿಗೆ ಅವಳು ಒಮ್ಮೆ ತಲೆಯೆತ್ತಿ ನೋಡಿದಳು. ಆಮೇಲೆ ಒಂದು ಪೆಟ್ಟಿಗೆ ತೆಗೆದು ಮುಂದಿಟ್ಟಳು. "ಇದು ನೋಡಿ ಸರ್. ಫ್ರೇಮ್ ಒಂದೇ, ಗಾಜು ಮಾತ್ರ ತೆಗೆದು ಹಾಕಬಹುದು. ಬಿಸಿಲಿದ್ರೆ ಕಂದು, ಮೋಡ ಇದ್ರೆ ಹಳದಿ, ಸಂಜೆ ಹೊತ್ತಿಗೆ ಬಿಳಿ." ಮೂಗಿನ ಹತ್ತಿರ ಹೆಬ್ಬೆರಳಿಂದ ಒತ್ತಿದಳು, ಗಾಜು ಟಕ್ಕೆಂದು ಕೈಗೆ ಬಂತು.

"ಇರೋ ಎರಡು ಕಣ್ಣಿಗೆ ಆರು ಗಾಜು. ವ್ಯಾಪಾರ ಚೆನ್ನಾಗಿದೆ."

"ಬೆಳಿಗ್ಗೆ ಮಾತ್ರ ಆಡೋದಾದ್ರೆ ಬಿಳಿ ಬೇಡ ಬಿಡಿ ಸರ್. ಕಂದು, ಹಳದಿ ಎರಡೇ ಸಾಕು."

ಸಾಹೇಬರ ಹುಬ್ಬು ಗಂಟಿಕ್ಕಿತು. ಹೆಚ್ಚು ಮಾರಲು ನೋಡುವವರನ್ನು ಅವರು ಅನುಮಾನಿಸುತ್ತಿದ್ದರು, ಕಡಿಮೆ ಮಾರಲು ನೋಡುವವರನ್ನು ಅದಕ್ಕಿಂತ ಹೆಚ್ಚು ಅನುಮಾನಿಸುತ್ತಿದ್ದರು. ಹೊಳಪು ತಡೆಯುವ ಪೋಲರೈಸ್ಡ್ ಗಾಜು ಬೇಕೆಂದು ಕೇಳಿದರು. ಅದೂ ಅಸಲಿಯೇ ಎಂದು ಪರೀಕ್ಷಿಸಲು ಒಂದು ಗಾಜಿನ ಮೇಲೆ ಇನ್ನೊಂದನ್ನು ಅಡ್ಡ ಹಿಡಿದು, ಕಪ್ಪಾಗುತ್ತದೋ ಇಲ್ಲವೋ ನೋಡಿದರು. ಕಪ್ಪಾಯಿತು. ಅವಳು ಸುಮ್ಮನೆ ನೋಡುತ್ತಾ ನಿಂತು, "ಅಸಲಿನೇ ಸರ್, ಆದ್ರೆ ನಿಮಗೆ ಅದು ಬೇಕಿಲ್ಲ. ನೀರಿನ ಮೇಲೆ ದೋಣಿ ನಡೆಸೋರಿಗೆ ಬೇಕು, ಚೆಂಡಾಟಕ್ಕೆ ಸಾದಾದ್ದೇ ಸಾಕು," ಎಂದಳು. ಇವಳು ಯಾಕೆ ಇಷ್ಟು ಒಳ್ಳೆಯವಳಂತೆ ಮಾತಾಡುತ್ತಿದ್ದಾಳೆ ಎಂದು ಸಾಹೇಬರಿಗೆ ಇನ್ನಷ್ಟು ಕಸಿವಿಸಿಯಾಯಿತು.

ಪವರ್ ಹಾಕಿಸಲು ಎರಡು ದಾರಿಯಿತ್ತು. ಪವರ್ ಇರುವ ಸಣ್ಣ ಗಾಜನ್ನು ಒಳಗಡೆ ಸಿಕ್ಕಿಸಿ, ಹೊರಗಿನ ಬಣ್ಣದ ಗಾಜನ್ನು ಮಾತ್ರ ಬದಲಾಯಿಸುವುದು ಒಂದು. ಅದರಲ್ಲಿ ಬೆವರಿದಾಗ ಎರಡು ಗಾಜಿನ ನಡುವೆ ಆವಿ ಕೂರುತ್ತದೆ ಎಂದಳು. ಆವಿಯ ಚಿಂತೆ ಸಾಹೇಬರಿಗಿರಲಿಲ್ಲ, ಒಳಗಿನ ಗಾಜು ಹತ್ತಿರ ಬಂದವರ ಕಣ್ಣಿಗೆ ಬೀಳುತ್ತದಲ್ಲ ಎಂಬುದೇ ಚಿಂತೆ. ಬಣ್ಣದ ಗಾಜಿಗೇ ಪವರ್ ಹಾಕಿಸುವ ಎರಡನೇ ದಾರಿಗೆ ಒಪ್ಪಿದರು. ಕೆನ್ನೆಯವರೆಗೂ ಬಾಗಿ ಬರುವ ಒಂದು ಠೀವಿಯ ಫ್ರೇಮಿಗೆ ಕೈ ಹಾಕಿದರೆ ಅವಳು ತಡೆದಳು. "ಇಷ್ಟು ಬಾಗಿದ್ದು ನಿಮ್ಮ ಪವರ್‌ಗೆ ಹೊಂದಲ್ಲ ಸರ್. ಅಂಚಲ್ಲಿ ನೋಡಿದ್ರೆ ಗೆರೆ ಸೊಟ್ಟ ಕಾಣುತ್ತೆ."

"ಗೆರೆ ಸೊಟ್ಟ ಕಾಣಕೂಡದು," ಎಂದರು ಸಾಹೇಬರು. "ನನಗೆ ಗೆರೆಯೇ ಮುಖ್ಯ."

ಗಾಜುಗಳು ತಯಾರಾಗಿ ಬಂದ ದಿನ ಅಂಗಡಿಯೊಳಗೆ ಹಾಕಿ ನೋಡಲು ಅವರು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಬೀದಿಗಿಳಿದು, ಬಿಸಿಲಲ್ಲಿ ನಿಂತು ಹಾಕಿಕೊಂಡರು. ಎದುರು ಪಾದಚಾರಿಗಳು ದಾಟುವ ಬಿಳಿ ಪಟ್ಟೆಗಳು ಚಾಕುವಿನಿಂದ ಕತ್ತರಿಸಿದಂತೆ ಕಂಡವು. ಪಟ್ಟೆಯ ಬಣ್ಣ ಎಲ್ಲೆಲ್ಲಿ ಎದ್ದುಹೋಗಿದೆ ಎಂಬುದೂ ಕಂಡಿತು. ಬಹಳ ದಿನಗಳ ಮೇಲೆ ಸಾಹೇಬರಿಗೆ ಖುಷಿಯಾಯಿತು. ಇನ್ನು ಆ ಕಳ್ಳ ನನ್ನ ಕಣ್ಣಿಗೆ ಮಣ್ಣೆರಚುವುದು ಹೇಗೆಂದು ನೋಡೇ ಬಿಡುತ್ತೇನೆ ಅಂದುಕೊಂಡರು.

ಮರುದಿನ ಮೈದಾನದಲ್ಲಿ ಭಾವಮೈದ ಅವರನ್ನು ನೋಡಿ ನಕ್ಕ. "ಏನ್ ಭಾವ, ಕೂಲಿಂಗ್ ಗ್ಲಾಸು. ಹೀರೋ ಥರ ಕಾಣ್ತಿದ್ದೀರಿ."

"ಬಿಸಿಲಿಗೆ," ಎಂದಷ್ಟೇ ಹೇಳಿ ಸಾಹೇಬರು ತಮ್ಮ ತುದಿಗೆ ಹೋಗಿ ನಿಂತರು.

ಆಟ ಶುರುವಾಯಿತು. ಆಚೆ ತುದಿಯ ಸುಣ್ಣದ ಗೆರೆ ಕೆಂಪು ನೆಲದ ಮೇಲೆ ಎದ್ದು ಕಾಣುತ್ತಿತ್ತು. ಸಾಹೇಬರು ಬೇಕೆಂದೇ ಗೆರೆಯ ಹತ್ತಿರಕ್ಕೆ ಗುರಿಯಿಟ್ಟು ಬೀಸಿ ಹೊಡೆದರು. ಚೆಂಡು ಹೋಗಿ ಗೆರೆಯಾಚೆ ಒಂದು ಗೇಣು ದೂರದಲ್ಲಿ ಬಿತ್ತು. ಬಿದ್ದಲ್ಲಿ ಧೂಳೆದ್ದದ್ದೂ ಕಂಡಿತು. ಛೆ, ಹೊರಗೆ ಹೋಯಿತಲ್ಲ ಎಂದು ರಾಕೆಟ್ಟು ಕೆಳಗಿಳಿಸಿದರು.

ಭಾವಮೈದ ಒಂದು ಕ್ಷಣ ತಡೆದ. ಚೆಂಡು ಬಿದ್ದ ಜಾಗ ನೋಡಿದ, ಆಮೇಲೆ ಸಾಹೇಬರ ಮುಖ ನೋಡಿದ.

"ಒಳಗೆ ಭಾವ. ಒಳ್ಳೆ ಹೊಡೆತ."

ಸಾಹೇಬರು ಬೆಪ್ಪಾಗಿ ನಿಂತರು. ಕನ್ನಡಕದವಳು ಟೋಪಿ ಹಾಕಿದಳೇ ಎಂದು ಮೊದಲ ಅನುಮಾನ ಬಂದದ್ದು ಗಾಜಿನ ಮೇಲೆಯೇ. ಮತ್ತೆ ಹೊಡೆದರು. ಈ ಸಲದ ಚೆಂಡು ಪಕ್ಕದ ಗೆರೆಯನ್ನು ದಾಟಿ, ಕಣ್ಣಿಲ್ಲದವನೂ ಹೊರಗೆ ಎನ್ನುವಷ್ಟು ದೂರ ಬಿತ್ತು. ಮತ್ತೆ ಆ ತಡೆ, ಮತ್ತೆ ಅದೇ ಮಾತು. "ಗೆರೆ ಮೇಲೆ ಭಾವ."

ಸುಳ್ಳು ಹೇಳುತ್ತಿದ್ದಾನೆಂಬುದು ಸಾಬೀತಾಗಿತ್ತು. ಅವರ ಸೂತ್ರ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆದರೆ ಎದುರಿನವರಿಗೆ ತೂಕ ಹೆಚ್ಚು ಹಾಕಿ ಕೊಡುವ ಕಳ್ಳನನ್ನು ಅವರು ಇಡೀ ಸೇವಾವಧಿಯಲ್ಲಿ ಕಂಡವರಲ್ಲ. ಇಂಥವನ ಮೇಲೆ ಏನೆಂದು ಕೇಸು ಹಾಕುವುದು?

ತಲೆ ಹಾಗೇ ಗಿರ್ರೆನ್ನುತ್ತಿರುವಾಗ ಭಾವಮೈದನ ಹೊಡೆತವೊಂದು ಅವರ ಕಡೆ ಬಂತು. ಬಂದು ಗೆರೆಯ ಒಳಕ್ಕೇ ಬಿತ್ತು. "ಹೊರಗೆ," ಎಂದಿತು ಸಾಹೇಬರ ಬಾಯಿ. ಕಣ್ಣು ನೋಡಿ ಮುಗಿಸುವ ಮೊದಲೇ ಬಾಯಿ ಹೇಳಿಬಿಟ್ಟಿತ್ತು. ಕಾಣದ ಚೆಂಡನ್ನೆಲ್ಲ ಹೊರಗೆ ಎನ್ನುವುದು ಅದಕ್ಕೆ ರೂಢಿಯಾಗಿಹೋಗಿತ್ತು. ಆಚೆ ತುದಿಯಲ್ಲಿ ಭಾವಮೈದ ಚಕಾರವೆತ್ತದೆ ತಲೆಯಾಡಿಸಿ, ಮುಂದಿನ ಚೆಂಡಿಗೆ ಜೇಬಿಗೆ ಕೈ ಹಾಕಿದ. ಆ ತಲೆಯಾಡಿಸುವಿಕೆಯನ್ನು ಸಾಹೇಬರು ಅಷ್ಟು ಸ್ಪಷ್ಟವಾಗಿ ಎಂದೂ ನೋಡಿರಲಿಲ್ಲ. ಅವರಿಗೆ ನಾಚಿಕೆಯಾಯಿತು. ಮೈಮೇಲೆ ಬಟ್ಟೆಯಿಲ್ಲದೆ ಮಾರುಕಟ್ಟೆಯಲ್ಲಿ ನಿಂತಷ್ಟು ನಾಚಿಕೆಯಾಯಿತು.

"ತಡಿ," ಎಂದರು. "ಹೊರಗಲ್ಲ, ಒಳಗೆ. ನೀನು ಹೊಡೆದದ್ದು ಒಳಗೇ ಬಿತ್ತು. ಆಗಿಂದ ನಾನು ಹೊಡೆದದ್ದು ಎರಡೂ ಹೊರಗೆ."

ಭಾವಮೈದ ಚೆಂಡು ಹಿಡಿದುಕೊಂಡೇ ನೆಟ್ಟಿನ ಹತ್ತಿರ ನಡೆದು ಬಂದ. ಗಾಜನ್ನು ಬಗ್ಗಿ ನೋಡಿದ. "ಭಾವ, ಇದು ಕೂಲಿಂಗ್ ಗ್ಲಾಸ್ ತಾನೆ?"

"ಪವರ್ ಹಾಕಿಸಿದ್ದೀನಿ."

ಅವನ ಮುಖ ಬಿಳಿಚಿತು. ಇನ್ನು ತನಗೂ ಅಕ್ಕನ ಮನೆ ಬಾಗಿಲು ಮುಚ್ಚಿದ ಹಾಗೇ ಎಂದು ಅವನಿಗೆ ಅನ್ನಿಸಿರಬೇಕು.

"ಎಷ್ಟು ದಿನದಿಂದ ನಡೀತಿದೆ ಇದು?"

"ಒಂದು ಸಲ ನೀವು ಸತತ ಸೋತು, ರಾಕೆಟ್ ಬಿಸಾಡಿ ಹೋದ್ರಲ್ಲ, ಆವಾಗಿಂದ. ನೀವು ಆಮೇಲೆ ಒಂದಷ್ಟು ದಿನ ಇತ್ತ ಬರಲೇ ಇಲ್ಲ. ಮನೇಲೇ ಕೂತು ಕಂಡಕಂಡವರ ಮೇಲೆ ರೇಗ್ತಿದ್ರಿ. ನಿಮಗೆ ಕಣ್ಣು ಕಾಣ್ತಿಲ್ಲ ಅಂತ ನನಗೆ ಗೊತ್ತಿತ್ತು ಭಾವ. ಹೇಳಿದ್ರೆ ನಂಬ್ತಿದ್ರಾ?"

ನಂಬುತ್ತಿರಲಿಲ್ಲ. ಅದು ಸಾಹೇಬರಿಗೇ ಗೊತ್ತಿತ್ತು. "ನಿನ್ನ ಅಕ್ಕ ಹೇಳಿಕೊಟ್ಟಳಾ?"

ಭಾವಮೈದ ಒಂದು ಕ್ಷಣ ತಡೆದ. "ಇಲ್ಲ ಭಾವ. ಅಕ್ಕಂಗೆ ಏನೂ ಗೊತ್ತಿಲ್ಲ."

ಸಾಹೇಬರು ಅವನನ್ನೇ ದಿಟ್ಟಿಸಿ ನೋಡಿದರು. "ನಡಿ, ಮೊದಲಿಂದ ಆಡೋಣ. ಬಿದ್ದದ್ದು ಬಿದ್ದ ಹಾಗೆ ಹೇಳು," ಎಂದು ತಮ್ಮ ತುದಿಗೆ ವಾಪಸಾದರು.

ಆ ಬೆಳಿಗ್ಗೆ ಸಾಹೇಬರು ನೆಲ ಕಚ್ಚಿದರು. ಕಣ್ಣಿಗೆ ಎಲ್ಲ ಕಾಣುತ್ತಿತ್ತು, ಕಾಲು ಮಾತ್ರ ಅಲ್ಲಿಗೆ ತಲುಪುತ್ತಿರಲಿಲ್ಲ. ಇಷ್ಟು ದಿನ ಈ ಹುಡುಗ ಇಷ್ಟು ಚೆನ್ನಾಗಿ ಆಡುವುದನ್ನು ಎಲ್ಲಿ ಬಚ್ಚಿಟ್ಟುಕೊಂಡಿದ್ದನೋ ಎಂದು ಏದುಸಿರು ಬಿಡುತ್ತಾ ಯೋಚಿಸಿದರು. ಕೊನೆಗೆ ಭಾವಮೈದ ಚೀಲ ಹೆಗಲಿಗೇರಿಸಿ, ಅವರ ಮುಖ ನೋಡದೆ, "ನಾಳೆ ಬರ್ತೀರಾ ಭಾವ?" ಎಂದು ಕೇಳಿದ. ಸಾಹೇಬರು ಸ್ಕೂಟರು ಹತ್ತಿ ಹೊರಟರು.

ದಾರಿಯುದ್ದಕ್ಕೂ ಅವರ ತಲೆ ತನಗೆ ಗೊತ್ತಿದ್ದ ಒಂದೇ ಕೆಲಸವನ್ನು ಮಾಡತೊಡಗಿತು. ಇವನು ಹೀಗೆ ಮಾಡಿದ್ದಾನೆಂದರೆ ಇನ್ನು ಯಾರು ಯಾರು ಮಾಡಿರಬಹುದು? ವರ್ಷ ವರ್ಷ ತನ್ನ ಕೆಲಸವನ್ನು ಹೊಗಳಿ ಬರೆದ ಮೇಲಧಿಕಾರಿ? ತನ್ನ ಹಾಸ್ಯಕ್ಕೆ ನಗುತ್ತಿದ್ದ ಜೀಪಿನ ಡ್ರೈವರು? ಜಗತ್ತು ತನಗೆ ಕಡಿಮೆ ತೂಗುತ್ತಿದೆ ಎಂದೇ ಅವರು ಇಷ್ಟು ಕಾಲ ಬದುಕಿದ್ದರು. ಹೆಚ್ಚು ತೂಗುತ್ತಿರಬಹುದು ಎಂಬ ಅನುಮಾನ ಅವರಿಗೆ ಹೊಸದು.

ಮನೆಗೆ ಬಂದಾಗ ಹೆಂಡತಿ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಅವರನ್ನು ನೋಡಿ ಅವಳ ಕೈ ನಿಂತಿತು.

"ಅವನು ಸುಳ್ಳು ಹೇಳ್ತಿದ್ದದ್ದು ನಿಜ," ಎಂದರು ಸಾಹೇಬರು. "ನಾನು ಹೊರಗೆ ಹೊಡೆದದ್ದನ್ನೆಲ್ಲ ಒಳಗೆ ಅಂತಿದ್ದ. ನಾನು ಗೆಲ್ಲಲಿ ಅಂತ."

ಹೆಂಡತಿ ಮತ್ತೊಂದು ಬಟ್ಟೆ ಕೈಗೆತ್ತಿಕೊಂಡಳು.

"ನಿನ್ನನ್ನ ಒಂದು ಮಾತು ಕೇಳ್ತೀನಿ, ನಿಜ ಹೇಳು. ನೀನೂ ನನಗೆ ಹೀಗೆ ಮಾಡಿದ್ದೀಯಾ?"

ಅವಳು ಒಂದು ಕ್ಷಣವೂ ತಡೆಯಲಿಲ್ಲ.

"ಯಾವುದರಲ್ಲಿ?" ಎಂದು ಕೇಳಿದಳು.

ಅರ್ಧ ತಪಾಸಣೆ ಮಾಡಿ ಅಂಗಡಿಯಿಂದ ಇಳಿದು ಬಂದ ಚರಿತ್ರೆ ಸಾಹೇಬರಿಗೆ ಇರಲಿಲ್ಲ. ಅಂದು ಮಾತ್ರ ಅವರು ಮುಂದಕ್ಕೆ ಏನೂ ಕೇಳಲಿಲ್ಲ. ಮಡಿಸಿದ ಬಟ್ಟೆಯ ಪಕ್ಕ ಮೆಲ್ಲಗೆ ಕೂತು, ಫೋನು ತೆಗೆದು ಭಾವಮೈದನಿಗೆ ಹಚ್ಚಿ, ನಾಳೆ ಆಟ ಮುಗಿಸಿ ನೇರ ಇಲ್ಲಿಗೇ ತಿಂಡಿಗೆ ಬಾ, ಅಕ್ಕ ಕಾಯುತ್ತಿರುತ್ತಾಳೆ ಎಂದು ಹೇಳಿದರು.