ತನ್ನ ಹೆಸರನ್ನೇ ಕೈಬಿಟ್ಟ ಕೋಚ್

ಅನಿಬಾಲ್ ಒಲ್ಮೆಡೊ ಅವರನ್ನು ನಾನು ಮೊದಲು ಕಂಡದ್ದು ೧೯೯೮ರ ಸೆಪ್ಟೆಂಬರಿನಲ್ಲಿ, ದುಬೈ ವಿಮಾನ ನಿಲ್ದಾಣದ ಕಸ್ಟಮ್ಸ್ ಮೇಜಿನ ಮುಂದೆ. ನಮ್ಮ ಫುಟ್‌ಬಾಲ್ ಕ್ಲಬ್ಬಿಗೆ ದಕ್ಷಿಣ ಅಮೆರಿಕದ ಪರಾಗ್ವೆಯಿಂದ ಹೊಸ ಆಟಗಾರ ಬರುತ್ತಾನೆ, ಕರೆದುಕೊಂಡು ಬಾ ಎಂದು ನನ್ನನ್ನು ವ್ಯಾನಿನಲ್ಲಿ ಕಳಿಸಿದ್ದರು. ಹೆಸರು ಬರೆದ ರಟ್ಟು ಹಿಡಿದು ಹೊರಗೆ ನಿಂತಿದ್ದೆ. ಆ ವಿಮಾನದ ಜನರೆಲ್ಲ ಹೊರಗೆ ಬಂದು ಹೋದರೂ ಅವರ ಸುಳಿವಿರಲಿಲ್ಲ. ಕೊನೆಗೆ ಒಬ್ಬ ಪೊಲೀಸಿನವನು ಬಂದು, ರಟ್ಟಿನ ಮೇಲಿನ ಹೆಸರು ಓದಿ, ನನ್ನನ್ನೇ ಒಳಗೆ ಕರೆದ.

ಒಳಗೆ, ಅಷ್ಟೇನೂ ಎತ್ತರವಿಲ್ಲದ, ಅಗಲ ಭುಜದ ಒಬ್ಬರು ನಿಂತಿದ್ದರು. ಕಂಕುಳಲ್ಲಿ ಚರ್ಮ ಹೊದಿಸಿದ ಒಂದು ಥರ್ಮಾಸ್. ಮೇಜಿನ ಮೇಲೆ ಅವರ ಪೆಟ್ಟಿಗೆ ಬಾಯಿ ತೆರೆದು ಬಿದ್ದಿತ್ತು. ಅದರಲ್ಲಿ ಎರಡು ಜೊತೆ ಬೂಟು, ನಾಲ್ಕಾರು ಬಟ್ಟೆ ಬಿಟ್ಟರೆ ಉಳಿದದ್ದೆಲ್ಲ ಹಸಿರು ಪುಡಿಯ ಪೊಟ್ಟಣಗಳೇ. ಅಧಿಕಾರಿ ಅದೇನೆಂದು ಇಂಗ್ಲಿಷಿನಲ್ಲಿ ಕೇಳುತ್ತಿದ್ದ, ಇವರು ತಮ್ಮ ಭಾಷೆಯಲ್ಲಿ ಉತ್ತರ ಕೊಡುತ್ತಿದ್ದರು. ಕೊನೆಗೆ ಅಧಿಕಾರಿ ನನ್ನನ್ನು ಕೇಳಿದ. ನನಗೆ ಅದು ಮದರಂಗಿ ಪುಡಿಯಂತೆ ಕಂಡಿತು. ಒಬ್ಬ ಆಟಗಾರನಿಗೆ ಇಷ್ಟು ಮದರಂಗಿ ಯಾಕೆ ಎಂದು ನಾನೂ ಬೆರಗಾಗಿ ನಿಂತೆ.

ಅವರಿಗೆ ವಿಷಯ ಅರ್ಥವಾಗಿತ್ತು. ಸಿಟ್ಟಾಗಲಿಲ್ಲ. ಪೆಟ್ಟಿಗೆಯ ಮೂಲೆಯಿಂದ ದನದ ಕೊಂಬಿನ ಒಂದು ಲೋಟ ತೆಗೆದು, ಪುಡಿ ತುಂಬಿ, ಥರ್ಮಾಸಿನ ತಣ್ಣೀರು ಹೊಯ್ದು, ತಗಡಿನ ಕೊಳವೆ ಚುಚ್ಚಿ, ಎಲ್ಲರೂ ನೋಡುತ್ತಿದ್ದಂತೆ ಸೊರ್ರೆಂದು ಕೊನೆಯವರೆಗೆ ಹೀರಿದರು. ಮತ್ತೆ ನೀರು ಹೊಯ್ದು ಲೋಟವನ್ನು ಅಧಿಕಾರಿಯ ಕಡೆ ಚಾಚಿದರು. ಅವನು ಮುಟ್ಟಲಿಲ್ಲ. ಪಕ್ಕದ ಕೌಂಟರಿನ ಸಿರಿಯಾದ ಗುಮಾಸ್ತನೊಬ್ಬ ನಕ್ಕುಬಿಟ್ಟ: “ಬಿಡಪ್ಪ ಅವನನ್ನ, ಚಹಾದಂಥ ಸೊಪ್ಪು ಅದು. ನಮ್ಮಜ್ಜಿ ದಿನವಿಡೀ ಕುಡಿಯೋದು ಇದನ್ನೇ, ಬಿಸಿನೀರಲ್ಲಿ.”

ಹಾಗೆ ಬಿಟ್ಟರು. ವ್ಯಾನಿನಲ್ಲಿ ಅವರು ಫ್ಲ್ಯಾಟ್ ಎಲ್ಲಿ, ಊಟ ಎಲ್ಲಿ ಎಂದು ಕೇಳಲಿಲ್ಲ. ಅವರಿಗೆ ಗೊತ್ತಿದ್ದ ಒಂದೇ ಇಂಗ್ಲಿಷ್ ಪದವನ್ನು ಮತ್ತೆ ಮತ್ತೆ ಹೇಳಿದರು: “ಗ್ರೌಂಡ್.” ನಡುಮಧ್ಯಾಹ್ನ. ಕ್ಲಬ್ಬಿನ ಮೈದಾನಕ್ಕೆ ಕರೆದೊಯ್ದೆ. ಶೂ ಬಿಚ್ಚಿ, ಕಾಲುಚೀಲ ತೆಗೆದು, ಬರಿಗಾಲಲ್ಲಿ ಈ ಗೋಲಿನಿಂದ ಆ ಗೋಲಿಗೆ ನಡೆದರು. ಒಂದು ಚೆಂಡು ತರಿಸಿಕೊಂಡು ಮೆಲ್ಲಗೆ ತಳ್ಳಿದರು. ಅದು ಸ್ವಲ್ಪ ದೂರ ಹೋಗಿ ಒಣಹುಲ್ಲಿನಲ್ಲಿ ಸಿಕ್ಕಿಕೊಂಡಂತೆ ನಿಂತಿತು. ತಲೆಯಾಡಿಸಿ, ನೀರು ಚಿಮುಕಿಸುವಂತೆ ಕೈ ಮಾಡಿ ತೋರಿಸಿದರು. ಹುಲ್ಲು ನೋಡಿಕೊಳ್ಳುತ್ತಿದ್ದ ಪಠಾಣ, ನೀರು ಬಿಡುವುದು ಬೆಳಿಗ್ಗೆ ಮಾತ್ರ ಎಂದ. ಮುಂದಿನ ವಾರದಿಂದ ಪ್ರತಿ ಪಂದ್ಯಕ್ಕೆ ಮುಂಚೆಯೂ ನೀರು ಬಿಡುವ ಕ್ರಮ ಶುರುವಾಯಿತು. ಅವರ ಪಾಸುಗಳಿಗೆ ಚೆಂಡು ಜಾರುವ ಹುಲ್ಲು ಬೇಕಿತ್ತು.

ನಾನು ಹಿರೇಕೆರೂರು ಕಡೆಯವನು, ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗ. ಕ್ಲಬ್ಬಿನ ಆಫೀಸಿನಲ್ಲಿ ವೀಸಾ, ಆಟಗಾರರ ನೋಂದಣಿ, ಅಂಗಿ ಚೆಂಡುಗಳ ದಾಸ್ತಾನು ನನ್ನ ಕೆಲಸ. ನಮ್ಮ ಶಾಲೆಯಲ್ಲಿ ಆಡಿದ್ದು ಕಬಡ್ಡಿ, ಖೋ-ಖೋ. ಫುಟ್‌ಬಾಲ್ ನನಗೆ ಅರ್ಥವಾಗುವಂತೆ ಮಾಡಿದವರು ಕ್ಲಬ್ಬಿನ ಮಸಾಜ್ ಮಾಡುವ ವಿಲ್ಫ್ರೆಡ್ ಪಾಯ್ಸ್. ಮಂಗಳೂರಿನ ಕುಲಶೇಖರದವರು, ನನಗಿಂತ ಹತ್ತು ವರ್ಷ ಹಿರಿಯರು. ದುಬೈನ ದೇರಾದಲ್ಲಿ ಒಂದೇ ಫ್ಲ್ಯಾಟಿನಲ್ಲಿದ್ದೆವು.

ಮೊದಲ ಪಂದ್ಯ ನೋಡಿ ನಾನು ಕೇಳಿದೆ: “ಏನ್ರಿ ವಿಲ್ಫ್ರೆಡಣ್ಣ, ಇವರು ಓಡೂದ ಇಲ್ಲಲ್ರೀ. ಎಲ್ಲಾರೂ ಓಡಾಕತ್ತಾರ, ಇವರು ನಡುವ ನಿಂತಾರ.”

“ಓಡ್ಲಿಕ್ಕೆ ಬೇರೆಯವರು ಇದ್ದಾರಲ್ಲ ಮಾರಾಯ. ಇವರು ಓಡಿಸುವವರು. ಚೆಂಡನ್ನು ನೋಡ್ಬೇಡ ನೀನು. ಚೆಂಡು ಬರುವ ಮೊದಲು ಇವರು ಎಲ್ಲಿ ನೋಡ್ತಾರೆ, ಅದನ್ನು ನೋಡು.”

ಹಾಗೆ ನೋಡಲು ಕಲಿತ ಮೇಲೆ ನನಗೆ ಬೇರೆ ಯಾರೂ ಕಾಣದಾದರು. ಬೆನ್ನಿಗೆ ಹತ್ತನೇ ನಂಬರಿನ ಅಂಗಿ, ತಂಡದ ಆಟ ಕಟ್ಟುವವನಿಗೆ ಸಿಗುವಂಥದು. ಚೆಂಡು ಕಾಲಿಗೆ ಬರುವ ಮೊದಲೇ ಎರಡು ಸಲ ಹಿಂದೆ ತಿರುಗಿ ನೋಡುತ್ತಿದ್ದರು. ಆಮೇಲೆ, ಯಾರೂ ಇಲ್ಲದ ಜಾಗಕ್ಕೆ ಚೆಂಡು ಕಳಿಸುತ್ತಿದ್ದರು. ಯಾರಿಗಪ್ಪ ಇದು ಎನ್ನುವಷ್ಟರಲ್ಲಿ ನಮ್ಮವನೊಬ್ಬ ಅಲ್ಲಿಗೆ ಬಂದಿರುತ್ತಿದ್ದ. ಗೋಲು ಹೊಡೆದವನ ಹೆಸರು ಪತ್ರಿಕೆಯಲ್ಲಿ ಬರುತ್ತಿತ್ತು. ಗ್ಯಾಲರಿಯ ಜನ ಮಾತ್ರ ಅನಿಬಾಲರ ಹೆಸರನ್ನೇ ಕೂಗುತ್ತಿದ್ದರು. ಎರಡನೇ ದರ್ಜೆಯ ನಮ್ಮ ಕ್ಲಬ್ಬಿಗೆ ಜನ ಬರುತ್ತಿದ್ದದ್ದೇ ಅವರಿಂದ.

ಅವರು ದೊಡ್ಡ ಹೆಸರಿನವರೇನಲ್ಲ. ತಂದೆ ನದಿಬಂದರಿನಲ್ಲಿ ದೋಣಿಗೆ ದನ ಹತ್ತಿಸುವ ಕೆಲಸದಲ್ಲಿದ್ದರಂತೆ. ಪರಾಗ್ವೆ, ಬೊಲಿವಿಯಾ, ಚಿಲಿಯ ಸಣ್ಣ ಕ್ಲಬ್ಬುಗಳಲ್ಲಿ ಆಡಿದ್ದರು. ದೇಶದ ತಂಡಕ್ಕೆ ಒಮ್ಮೆಯೂ ಕರೆ ಬರಲಿಲ್ಲ. “ಹತ್ತನೇ ನಂಬರು ಒಂದೇ ಇರೋದು. ಅದು ಯಾವಾಗಲೂ ಬೇರೆಯವರದಾಗಿತ್ತು,” ಎನ್ನುತ್ತಿದ್ದರು. ಮುಂದೆ ಕೋಚ್ ಆಗಬೇಕು ಎನ್ನುವುದನ್ನು ಮಾತ್ರ ಮೊದಲ ವರ್ಷವೇ ನಿಶ್ಚಯ ಮಾಡಿಕೊಂಡಿದ್ದರು. ಬೇಸಿಗೆಯ ರಜೆಯಲ್ಲಿ ಉಳಿದವರು ಮನೆ ಮಕ್ಕಳೆಂದು ಹೋದರೆ, ಇವರು ತಮ್ಮ ದೇಶಕ್ಕೆ ಹೋಗಿ ಕೋಚಿಂಗ್ ತರಗತಿಯಲ್ಲಿ ಕೂರುತ್ತಿದ್ದರು. ಮೂರು ಬೇಸಿಗೆ ಹಾಗೆ ಓದಿ ಸರ್ಟಿಫಿಕೇಟ್ ತಂದರು. ಅರಬ್ಬಿ ಕಲಿತದ್ದು ವ್ಯಾನಿನ ಡ್ರೈವರನಿಂದ ಮತ್ತು ಆಟಗಾರರಿಂದ. ನನ್ನೊಡನೆ ಅವರ ಮಾತು ಇಂಗ್ಲಿಷ್, ಅರಬ್ಬಿ, ಹಿಂದಿ ಮೂರೂ ಕಲಸಿದ್ದು. ಇಲ್ಲಿ ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅವಕಾಶ ಬಂದದ್ದು ೨೦೦೧ರ ಕೊನೆಯಲ್ಲಿ. ಸತತ ಸೋಲುಗಳ ನಂತರ ಕ್ಲಬ್ಬು ಹಳೆಯ ಕೋಚನ್ನು ಮನೆಗೆ ಕಳಿಸಿತು. ಕ್ಲಬ್ಬಿನ ಅಧ್ಯಕ್ಷರಾದ ಅಬು ಖಲ್ಫಾನ್ ಅನಿಬಾಲರನ್ನು ಕರೆಸಿ, ಈ ಸೀಸನ್ ಮುಗಿಯುವವರೆಗೆ ಆಡುತ್ತಾ ಕೋಚಿಂಗನ್ನೂ ನೋಡಿಕೋ ಎಂದರು. ಹನ್ನೆರಡು ತಂಡಗಳಲ್ಲಿ ನಾವು ಹತ್ತನೆಯವರು. ಆರನೇ ಸ್ಥಾನದೊಳಗೆ ಬಂದರೆ ಮುಂದೆಯೂ ಅವರೇ ಕೋಚ್. ಇಲ್ಲದಿದ್ದರೆ ಹೊಸಬರು ಬರುತ್ತಾರೆ. ಮೂವತ್ತನಾಲ್ಕು ದಾಟಿದ, ಮೊಣಕಾಲು ಊದುವ ಆಟಗಾರನನ್ನು ಹೊಸಬರು ಇಟ್ಟುಕೊಳ್ಳುವುದಿಲ್ಲ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಇಂಥ ಅವಕಾಶ ಬೇರೆ ಕಡೆ ಸಿಗುವುದಿಲ್ಲ ಎನ್ನುವುದು ಅವರಿಗೆ ಗೊತ್ತಿತ್ತು.

ಮೊದಲ ತಿಂಗಳು ಏನೂ ಬದಲಾಗಲಿಲ್ಲ. ನಾವು ಎರಡು ಗೋಲು ಹೊಡೆದರೆ ಮೂರು ಬಿಟ್ಟುಕೊಡುತ್ತಿದ್ದೆವು. ಪ್ರತಿ ಪಂದ್ಯದ ಮರುದಿನ ಅನಿಬಾಲ್ ಮಸಾಜ್ ಕೋಣೆಯಲ್ಲಿ ಮೊಣಕಾಲಿಗೆ ಐಸ್ ಕಟ್ಟಿಸಿಕೊಂಡು, ಆ ಪಂದ್ಯದ ವಿಡಿಯೊ ಕ್ಯಾಸೆಟ್ ಹಾಕಿಕೊಂಡು ಕೂರುತ್ತಿದ್ದರು. ಒಂದು ಸಂಜೆ ಒಂದೇ ತುಣುಕನ್ನು ತಿರುಗಿಸಿ ತಿರುಗಿಸಿ ನೋಡಿದರು. ನಮ್ಮ ಆಟಗಾರನೊಬ್ಬನ ಎದುರು ದಾರಿ ಖಾಲಿ ಇದೆ. ಆದರೂ ಅವನು ನಿಂತು, ತಿರುಗಿ, ಅನಿಬಾಲರನ್ನು ಹುಡುಕುತ್ತಾನೆ. ಅಷ್ಟರಲ್ಲಿ ಎದುರಾಳಿ ಬಂದು ಚೆಂಡು ಕಿತ್ತುಕೊಳ್ಳುತ್ತಾನೆ. ಹಿಂದೆ ತಡೆಯುವವರು ಯಾರೂ ಇಲ್ಲ. ಗೋಲು.

“ನೋಡು ವಿಲ್ಫ್ರೆಡ್, ಎಲ್ಲರೂ ನನಗೆ ಕಾಯುತ್ತಾರೆ,” ಎಂದರು.

“ಕಾಯದೆ ಎಂತ ಮಾಡುದು? ಕೊಟ್ರೆ ನೀವು ಏನಾದ್ರೂ ಮಾಡ್ತೀರಿ ಅಂತ ಅವರಿಗೆ ಗೊತ್ತುಂಟು.”

“ಈ ತಂಡಕ್ಕೆ ಕೋಚ್ ನಾನಾಗಿದ್ದರೆ ನನ್ನನ್ನು ತೆಗೆದುಹಾಕುತ್ತಿದ್ದೆ.”

“ಕೋಚ್ ನೀವೇ ಅಲ್ವಾ ಮಾರಾಯ್ರೆ,” ಎಂದು ವಿಲ್ಫ್ರೆಡಣ್ಣ ನಕ್ಕರು. ಅನಿಬಾಲ್ ನಗಲಿಲ್ಲ.

ನಮ್ಮ ಕ್ಲಬ್ಬು ಇಬ್ಬರು ವಿದೇಶಿಯರನ್ನು ಮಾತ್ರ ಆಡಿಸಬಹುದಿತ್ತು. ಒಬ್ಬ ಗೋಲು ಹೊಡೆಯುವ ಮೊರಾಕೊದವನು, ಇನ್ನೊಬ್ಬರು ಅನಿಬಾಲ್. ಜನವರಿಯಲ್ಲಿ ಒಬ್ಬರನ್ನು ಬದಲಾಯಿಸಲು ಅವಕಾಶವಿತ್ತು. ಆದರೆ ಆಟಗಾರರ ಪಟ್ಟಿಯಿಂದ ತೆಗೆದ ಹೆಸರನ್ನು ಆ ಸೀಸನ್ನಿನಲ್ಲಿ ಮತ್ತೆ ಸೇರಿಸುವಂತಿರಲಿಲ್ಲ. ಮರುದಿನ ಬೆಳಿಗ್ಗೆ ಅವರು ಆಫೀಸಿಗೆ ಬಂದು, “ಗುಡ್ಡಪ್ಪ, ನನ್ನ ಹೆಸರು ತೆಗೆಯುವ ಅರ್ಜಿ ಟೈಪ್ ಮಾಡು,” ಎಂದರು.

“ಸರ್, ಒಂದ್ಸಲ ಮನ್ಯಾಗ ಮ್ಯಾಡಮ್ ಅವರನ್ನ ಕೇಳ್ರಿ.”

“ಕೇಳಿದೆ. ಅಡುಗೆಮನೆಯಲ್ಲಿ ನಿನಗೆ ಜಾಗ ಇಲ್ಲ, ಹೊರಗೆ ಏನಾದರೂ ಮಾಡಿಕೋ ಅಂದಳು.”

ವಿಲ್ಫ್ರೆಡಣ್ಣ ಬಾಗಿಲಲ್ಲೇ ನಿಂತು ತಲೆ ಚಚ್ಚಿಕೊಂಡರು. “ಇವರಿಗೆ ಮರ್ಲು. ನಾಳೆ ಸೋತರೆ ಆಟವೂ ಇಲ್ಲ, ಕೋಚಿಂಗೂ ಇಲ್ಲ. ಎರಡು ದೋಣಿ ಇರುವಾಗ ಒಂದನ್ನು ಯಾಕೆ ಮುಳುಗಿಸುದು?”

ಸಹಿಗಾಗಿ ಅಬು ಖಲ್ಫಾನ್ ಅವರ ಮಜ್ಲಿಸಿಗೆ, ಅಂದರೆ ಅತಿಥಿಗಳನ್ನು ಕೂರಿಸುವ ಕೋಣೆಗೆ, ನಾವಿಬ್ಬರೂ ಹೋದೆವು. ಅವರು ಖರ್ಜೂರ ಮುಂದಿಟ್ಟು, ತಾವೇ ಕೈಯಾರೆ ಕಾಫಿ ಬಗ್ಗಿಸಿ ಕೊಟ್ಟರು. ನಾನು ಕುಡಿದೆ. ಅನಿಬಾಲ್ ತಮ್ಮ ಬಟ್ಟಲನ್ನು ಕುಡಿಯದೆ ಎದುರಿನ ಚಾಪೆಯ ಮೇಲೆ ಇಟ್ಟರು.

ಅಬು ಖಲ್ಫಾನ್ ಹುಬ್ಬೇರಿಸಿದರು. ಆ ಕಡೆಯ ಹಳಬರಲ್ಲಿ ಒಂದು ಪದ್ಧತಿ ಇದೆ. ಏನಾದರೂ ಕೇಳಿಕೊಳ್ಳಲು ಬಂದ ಅತಿಥಿ ಕಾಫಿಯನ್ನು ಮುಟ್ಟದೆ ಕೆಳಗಿಡುತ್ತಾನೆ. ಮನೆಯವರು ನಡೆಸಿಕೊಡುತ್ತೇವೆ ಎಂದರೆ ಮಾತ್ರ ಕುಡಿಯುತ್ತಾನೆ. ಅತಿಥಿ ಕುಡಿಯದೆ ಎದ್ದುಹೋದರೆ ಮನೆಗೆ ಅವಮಾನ.

“ಇದನ್ನ ಯಾರು ಕಲಿಸಿದರು ನಿನಗೆ?”

“ನಿಮ್ಮ ಆಟಗಾರರೇ.”

“ಆಟ ಬಿಟ್ಟು ಬೇರೆಲ್ಲ ಕಲಿಸುತ್ತಾರೆ. ಸರಿ, ಏನು ಬೇಕು?”

ಅನಿಬಾಲ್ ಹೇಳಿದರು. ತಮ್ಮ ಜಾಗಕ್ಕೆ ಘಾನಾದ ಒಬ್ಬ ಡಿಫೆಂಡರ್ ಬೇಕು, ಹೆಸರು ಕೋಫಿ, ಅವನ ಆಟ ನೋಡಿದ್ದೇನೆ ಎಂದರು. ಅಬು ಖಲ್ಫಾನ್ ಖರ್ಜೂರದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

“ನನ್ನ ಮೊಮ್ಮಕ್ಕಳು ಮೈದಾನಕ್ಕೆ ಬರೋದು ನಿನ್ನ ನೋಡೋಕೆ. ಗೋಲು ತಡೆಯುವವನನ್ನ ನೋಡೋಕೆ ಯಾರು ಬರುತ್ತಾರೆ?”

“ಗೆದ್ದರೆ ಬರುತ್ತಾರೆ.”

“ಗೆಲ್ಲದಿದ್ದರೆ?”

“ಆಗ ನೀವು ಹೊಸ ಕೋಚ್ ತನ್ನಿ. ನಾನು ಆಟಗಾರನಾಗಿ ಇನ್ನೊಂದು ವರ್ಷ ಎಳೆಯಬಹುದು, ಬಾಬಾ. ಆಮೇಲೆ ಖಲಾಸ್. ಕೋಚ್ ಆಗುವುದಾದರೆ ಈಗಲೇ ಆಗಬೇಕು, ಪೂರ್ತಿ ಆಗಬೇಕು.”

ಕಾಫಿ ಆರಿತ್ತು. ಅಬು ಖಲ್ಫಾನ್ ಆ ಬಟ್ಟಲನ್ನು ಎತ್ತಿ ಚೆಲ್ಲಿ, ಬಿಸಿಯದನ್ನು ಬಗ್ಗಿಸಿ ಕೈಗೆ ಕೊಟ್ಟರು. “ಕುಡಿ. ಆದರೆ ಆರರೊಳಗೆ ಬರದಿದ್ದರೆ ನಿನಗೆ ಇಲ್ಲಿ ಮೈದಾನವೂ ಮಾಫಿ, ಬೆಂಚೂ ಮಾಫಿ. ಎರಡೂ ಇಲ್ಲ.”

ಅನಿಬಾಲ್ ಕುಡಿದರು. ನಾನು ಅರ್ಜಿ ಮುಂದಿಟ್ಟೆ.

ಕೋಫಿ ಬಂದ. ಒಳ್ಳೆಯ ಎತ್ತರದ, ಮಾತು ಕಡಿಮೆಯ ಆಳು. ಅನಿಬಾಲ್ ಇಲ್ಲದ ಮೊದಲ ಪಂದ್ಯದಲ್ಲಿ ಗ್ಯಾಲರಿ ಅರ್ಧ ಖಾಲಿಯಿತ್ತು. ಅವರು ಪ್ಯಾಂಟು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬೆಂಚಿನ ಮೇಲೆ ಕೂತಿದ್ದರು. ಎರಡೂ ಕಡೆ ಗೋಲಿಲ್ಲ. ಆಟ ಮುಗಿಯುವ ಹೊತ್ತಿಗೆ ಎದುರಾಳಿಯ ತಪ್ಪಿನಿಂದ ನಮಗೊಂದು ಫ್ರೀ ಕಿಕ್ ಸಿಕ್ಕಿತು. ಅದು ಅವರು ಕಣ್ಣುಮುಚ್ಚಿ ಗೋಲಿಗೆ ಹಾಕಬಲ್ಲ ಜಾಗ. ನಮ್ಮ ಆಟಗಾರರೆಲ್ಲ ಒಮ್ಮೆಲೇ ಬೆಂಚಿನ ಕಡೆ ತಿರುಗಿದರು, ಯಾರು ಹೊಡೆಯಲಿ ಎನ್ನುವಂತೆ. ಅವರ ಬಲಗಾಲು ನೆಲವನ್ನು ಒತ್ತುತ್ತಿದ್ದುದನ್ನು ನಾನು ಪಕ್ಕದಲ್ಲೇ ಕೂತು ನೋಡಿದೆ. ಅವರು ಎದ್ದು, ಮೈದಾನಕ್ಕೆ ಬೆನ್ನು ಹಾಕಿ, ಥರ್ಮಾಸಿನ ಮುಚ್ಚಳ ತಿರುಗಿಸತೊಡಗಿದರು.

“ಸರ್, ನಿಮ್ಮನ್ನ ಕೇಳಾಕತ್ತಾರ್ರೀ.”

“ಕೇಳಲಿ.”

ಕೊನೆಗೆ ಜುಮಾ ಎನ್ನುವ ಸ್ಥಳೀಯ ಆಟಗಾರ ಹೊಡೆದ. ಚೆಂಡು ಗೋಲಿನ ಮೇಲೆ ಹಾರಿ ರಸ್ತೆಗೆ ಬಿತ್ತು. ಜನ ಹಂಗಿಸಿ ಕೂಗಿದರು. ಪಂದ್ಯ ಸಮವಾಯಿತು. ಆದರೆ ಆ ಸೀಸನ್ನಿನಲ್ಲಿ ನಾವು ಒಂದೂ ಗೋಲು ಬಿಟ್ಟುಕೊಡದ ಮೊದಲ ಪಂದ್ಯ ಅದು.

ಆಮೇಲಿನ ಅಭ್ಯಾಸದಲ್ಲಿ ಅವರು ಒಂದು ನಿಯಮ ಮಾಡಿದರು. ಆಡುವಾಗ ಯಾರೂ ಬೆಂಚಿನ ಕಡೆ ನೋಡಬಾರದು. ನೋಡಿದವನು ಅಭ್ಯಾಸ ಮುಗಿದ ಮೇಲೆ ಎಲ್ಲರ ಬೂಟು ಒರೆಸಬೇಕು. ಮೊದಲ ವಾರ ಜುಮಾನೇ ಹೆಚ್ಚು ಬೂಟು ಒರೆಸಿದ. “ಕೋಚ್ ನನ್ನನ್ನ ಆಟಗಾರನಾಗಿ ತಂದರೋ ಮೋಚಿಯಾಗಿ ತಂದರೋ,” ಎಂದು ಗೊಣಗುತ್ತಿದ್ದ. ಅನಿಬಾಲ್ ಮೊದಲಿನಂತೆ ಪ್ರತಿ ಪಾಸನ್ನೂ ಕೂಗಿ ಹೇಳುವುದನ್ನು ಬಿಟ್ಟರು. ಅದು ಅವರಿಗೆ ಸುಲಭವಾಗಿರಲಿಲ್ಲ. ತುಟಿ ಆಡುತ್ತಿತ್ತು, ದನಿ ಬರುತ್ತಿರಲಿಲ್ಲ. ನಡುವೆ ಎರಡು ಸಲ ಸೋತೆವು. ಒಮ್ಮೆ ಗ್ಯಾಲರಿಯಿಂದ ಯಾರೋ ಹತ್ತನೇ ನಂಬರಿನ ಅಂಗಿಯೊಂದನ್ನು ಬೆಂಚಿನ ಮೇಲೆ ಎಸೆದರು. ಅವರು ಅದನ್ನು ಮಡಿಸಿ ಪಕ್ಕಕ್ಕಿಟ್ಟರು. ಒಂದೊಂದೇ ಸ್ಥಾನ ಮೇಲೇರುತ್ತಾ ಏಪ್ರಿಲ್ ಹೊತ್ತಿಗೆ ಏಳನೆಯವರಾದೆವು.

ಕೊನೆಯ ಪಂದ್ಯ ಆರನೇ ಸ್ಥಾನದಲ್ಲಿದ್ದ ತಂಡದ ಮೇಲೆಯೇ. ಗೆಲ್ಲಲೇಬೇಕಿತ್ತು. ಅಬು ಖಲ್ಫಾನ್ ಮೊಮ್ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ಮೊದಲರ್ಧದಲ್ಲಿ ಏನೂ ಆಗಲಿಲ್ಲ. ಎರಡನೇ ಅರ್ಧ ಬಹುಪಾಲು ಕಳೆದಾಗ, ಎದುರಾಳಿಯ ಗೋಲಿನಿಂದ ಸ್ವಲ್ಪ ದೂರದಲ್ಲಿ ನಮಗೆ ಮತ್ತೆ ಫ್ರೀ ಕಿಕ್. ಅನಿಬಾಲ್ ಈ ಸಲ ಬೆನ್ನು ಹಾಕಲಿಲ್ಲ, ನಿಂತು ನೋಡುತ್ತಿದ್ದರು. ಜುಮಾ ಚೆಂಡನ್ನು ಗೋಲಿಗೆ ಹೊಡೆಯಲಿಲ್ಲ. ಪಕ್ಕದವನಿಗೆ ಮೆಲ್ಲಗೆ ತಳ್ಳಿದ. ಅನಿಬಾಲ್ ಎಂದೂ ಹಾಗೆ ಮಾಡುತ್ತಿರಲಿಲ್ಲ. ಆ ಪಕ್ಕದವನು ಚೆಂಡನ್ನು ಎತ್ತರಕ್ಕೆ ಗೋಲಿನ ಮುಂದಕ್ಕೆ ಕಳಿಸಿದ. ಹಿಂದಿನಿಂದ ಓಡಿಬಂದ ಕೋಫಿ ತಲೆ ಕೊಟ್ಟ. ಚೆಂಡು ಬಲೆಯೊಳಗಿತ್ತು.

ಎಲ್ಲರೂ ಕೋಫಿಯ ಮೇಲೆ ಬಿದ್ದರು. ಅನಿಬಾಲ್ ಕುಣಿಯಲಿಲ್ಲ. ವಿಲ್ಫ್ರೆಡಣ್ಣನ ತೋಳು ಹಿಡಿದು, “ಒಬ್ಬನೂ ನನ್ನ ಕಡೆ ನೋಡಲಿಲ್ಲ, ಕಂಡೆಯಾ?” ಎಂದರು.

“ನೋಡಿದ್ರೆ ಬೂಟು ಒರೆಸ್ಬೇಕಲ್ಲ ಮಾರಾಯ್ರೆ.”

ಉಳಿದ ಹೊತ್ತು ಕೋಫಿ ಒಂದು ಚೆಂಡನ್ನೂ ಒಳಗೆ ಬಿಡಲಿಲ್ಲ. ನಾವು ಆರನೆಯವರಾದೆವು. ಅಬು ಖಲ್ಫಾನ್ ಕೆಳಗಿಳಿದು ಬಂದು ಅನಿಬಾಲರ ಹೆಗಲ ಮೇಲೆ ಕೈಯಿಟ್ಟು, “ಯಲ್ಲಾ, ನಾಳೆ ಬಾ. ಕಾಫಿ ಕುಡಿಯುವಂತೆ,” ಎಂದಷ್ಟೇ ಹೇಳಿದರು. ಮುಂದಿನ ವಾರ ಅವರ ವೀಸಾದಲ್ಲಿ ಆಟಗಾರ ಎಂಬ ಪದದ ಬದಲು ಕೋಚ್ ಎಂದು ಮಾಡಿಸಿಕೊಂಡು ಬಂದವನು ನಾನೇ.

ಅವರು ನಮ್ಮಲ್ಲಿ ಇನ್ನೂ ಮೂರು ವರ್ಷ ಕೋಚ್ ಆಗಿದ್ದರು. ಒಂದು ವರ್ಷ ಎರಡನೇ ಸ್ಥಾನಕ್ಕೂ ಬಂದೆವು. ೨೦೦೫ರಲ್ಲಿ ಹೊಸ ಆಡಳಿತ ಮಂಡಳಿ ಬಂದು, ಎಲ್ಲ ಕೋಚುಗಳಿಗೆ ಒಂದು ದಿನ ಹೇಳುವ ಮಾತನ್ನು ಅವರಿಗೂ ಹೇಳಿತು. ಅವರು ಕ್ಲಬ್ಬಿನ ಕೀಲಿಕೈ ನನ್ನ ಮೇಜಿನ ಮೇಲಿಟ್ಟು, ಬೇರೆ ಕ್ಲಬ್ಬುಗಳ ಫೋನ್ ನಂಬರು ಕೇಳಿದರು.

ಈಗ, ೨೦೦೯ರಲ್ಲಿ, ಅನಿಬಾಲ್ ಒಲ್ಮೆಡೊ ಅವರು ಅದೇ ದೇಶದ ಪಶ್ಚಿಮ ತುದಿಯ ರುವೈಸ್‌ನಲ್ಲಿದ್ದಾರೆ. ರಿಫೈನರಿಯ ಕೆಲಸಗಾರರ ತಂಡಕ್ಕೆ ಕೋಚ್. ಪಾಳಿ ಮುಗಿಸಿ ಬಂದವರಿಗೆ ಸಂಜೆ ಆಟ ಹೇಳಿಕೊಡುತ್ತಾರೆ, ಪಂದ್ಯದ ದಿನ ತಾವೇ ನಿಂತು ಹುಲ್ಲಿಗೆ ನೀರು ಬಿಡಿಸುತ್ತಾರೆ.