ಪೆಟ್ಟಿಗೆ ಬೀಳಿಸುವ ಅಕ್ಕ

ಅಕ್ಕ ಮಲ್ಲಿಗೆಯನ್ನು ಯಾವಾಗಲೂ ಎಡಗಡೆಗೇ ಮುಡಿಯುತ್ತಿದ್ದರು. ಬಲಗಿವಿ ಕೆಲಸಕ್ಕೆ ಬೇಕಿತ್ತು. ಸೊಂಟದೆತ್ತರದಿಂದ ಪೆಟ್ಟಿಗೆಯನ್ನು ನೆಲಕ್ಕೆ ಬಿಟ್ಟು, ಬಗ್ಗಿ, ಅದರ ಮೇಲೆ ಆ ಕಿವಿ ಒತ್ತಿ ಮೆಲ್ಲಗೆ ಅಲುಗಾಡಿಸುವರು. ರಟ್ಟಿನ ದೂಳು ಅಂಟಿ ಸಂಜೆಯ ಹೊತ್ತಿಗೆ ಕಿವಿ ಕಂದುಬಣ್ಣಕ್ಕೆ ತಿರುಗಿರುತ್ತಿತ್ತು.

ಶಿವಮೊಗ್ಗದ ಹೊರವಲಯದಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಸಣ್ಣ ಕಾರ್ಖಾನೆಯಲ್ಲಿ ನಾವಿಬ್ಬರೂ ಕೆಲಸಕ್ಕಿದ್ದೆವು; ಅವರನ್ನು ನಾನು ಅಕ್ಕ ಎನ್ನುತ್ತಿದ್ದೆ. ಸಾಗಿಸುವಾಗ ಬಿದ್ದರೆ ಒಳಗಿನ ಸಾಮಾನು ಉಳಿಯುತ್ತದೆಯೇ ಎಂದು ನೋಡುವುದು ಅವರ ಕೆಲಸ, ಅದನ್ನು ಬರೆದಿಡುವುದು ನನ್ನದು. ಅಕ್ಕ ಭದ್ರಾವತಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಗಂಡ ದುಡಿಯುತ್ತಿದ್ದ ಕಾಗದದ ಕಾರ್ಖಾನೆ ಮುಚ್ಚಿದ ಮೇಲೆ ಮನೆ ನಡೆಯುತ್ತಿದ್ದುದು ಅವರೊಬ್ಬರ ದುಡಿಮೆಯಲ್ಲೇ.

"ಪೆಟ್ಟಿಗೆ ಅಂದ್ಮೇಲೆ ಎಲ್ಲೋ ಒಂದ್ಕಡೆ ಬಿದ್ದೇ ಬೀಳುತ್ತೆ ಮಾರಾಯ್ತಿ. ಮೊದ್ಲು ನಮ್ಮ ಕಣ್ಣೆದುರೇ ಬೀಳ್ಲಿ" ಎನ್ನುತ್ತಿದ್ದರು.

ಒಮ್ಮೆ ಹಾವಿನ ವಿಷಕ್ಕೆ ಕೊಡುವ ಮದ್ದಿನ ಸೀಸೆಗಳಿಗೆಂದು ಪೆಟ್ಟಿಗೆ ಮಾಡಿದ್ದೆವು. ಮಾಲೆಲ್ಲ ಲಾರಿಗೇರಿತ್ತು. ಪರೀಕ್ಷೆಯ ವರದಿಯಿಲ್ಲದೆ ಲಾರಿ ಹೊರಡುವಂತಿರಲಿಲ್ಲ. ಕಾರ್ಖಾನೆಯ ಯಜಮಾನರು ನಮ್ಮ ಕೋಣೆಯ ಬಾಗಿಲಲ್ಲೇ ನಿಂತು ಗಡಿಯಾರ ನೋಡುತ್ತಿದ್ದರು. ನೀರು ತುಂಬಿದ ಗಾಜಿನ ಸೀಸೆಗಳನ್ನಿಟ್ಟು ಒಂದು ಪೆಟ್ಟಿಗೆಯನ್ನು ಹತ್ತು ಸಲ ಬೀಳಿಸಬೇಕು: ಒಂದು ಮೂಲೆಯ ಮೇಲೊಮ್ಮೆ, ಮೂರು ಅಂಚುಗಳ ಮೇಲೆ ಒಂದೊಂದು ಸಲ, ಆರೂ ಮುಖಗಳ ಮೇಲೆ ಒಂದೊಂದು ಸಲ. ಒಂಬತ್ತು ಮುಗಿದವು. ಏನೂ ಆಗಿರಲಿಲ್ಲ. ಯಜಮಾನರ ಉಸಿರು ಬೆನ್ನಿಗೇ ತಾಗಿದಂತಾಗಿ, ನಾನು ವರದಿಯಲ್ಲಿ 'ಪಾಸ್' ಎಂದು ಬರೆದುಬಿಟ್ಟೆ.

ಅಕ್ಕ ಹತ್ತನೇ ಸಲ ಬಿಟ್ಟರು. ಕಿವಿ ಒತ್ತಿದರು. ಬಹಳ ಹೊತ್ತು ಏಳಲಿಲ್ಲ.

"ಏನಮ್ಮ, ಆಯ್ತಲ್ಲ?" ಎಂದರು ಯಜಮಾನರು.

"ತೆಗೆದು ನೋಡ್ತೀನಿ ಸಾರ್."

ಸೀಸೆಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದರು. ಕೊನೆಯ ಸಾಲಿನ ಒಂದರ ಕತ್ತಿನ ಬಳಿ ಕೂದಲೆಳೆಯಷ್ಟು ಬಿರುಕು.

"ಅಷ್ಟರಲ್ಲಿ ಒಂದು ತಾನೇ? ಕಳ್ಸಿ ಅತ್ಲಾಗೆ. ಇಲ್ಲಾಂದ್ರೆ ನೀವು ಕೆಲ್ಸಕ್ಕೆ ಬರೋದೇ ಬೇಡ."

ಅಕ್ಕ ಬಿರುಕಿನ ಸೀಸೆಯನ್ನು ಯಜಮಾನರ ಮುಂದೆ ಹಿಡಿದರು.

"ಗದ್ದೇಲಿ ಹಾವು ಕಚ್ಚಿಸ್ಕೊಂಡು ಬಂದೋರಿಗೆ ಈ ಒಂದೇ ಸಿಕ್ಕಿದ್ರೆ ಸಾರ್?"

ಆಮೇಲೆ ನನ್ನತ್ತ ತಿರುಗಿದರು. ನಾನು ಬರೆದದ್ದನ್ನು ಅವರು ನೋಡಿದ್ದರೆಂದು ಆಗ ತಿಳಿಯಿತು. ಯಜಮಾನರಿಗೆ ಕೇಳದಷ್ಟು ಮೆಲ್ಲಗೆ, "ಬರ್ದೋಳು ನೀನು. ನೀನೇ ಹೊಡ್ದು ಹಾಕು" ಎಂದರು.

ನನಗೂ ಆ ಕೆಲಸ ಬೇಕಿತ್ತು. ಗೀಟೆಳೆದು 'ಫೇಲ್' ಎಂದು ಬರೆದು ಸಹಿ ಹಾಕಿದೆ. ಅದರ ಕೆಳಗೆ ಅಕ್ಕ ತಮ್ಮ ಸಹಿ ಹಾಕಿದರು.

ಲಾರಿಯಿಂದ ಮಾಲು ಇಳಿಯಿತು. ಸೀಸೆಗಳ ನಡುವಿನ ರಟ್ಟು ತೀರ ತೆಳುವಾಗಿತ್ತು. ಎರಡು ದಿನ ಎಲ್ಲರೂ ಕೂತು ದಪ್ಪ ರಟ್ಟು ಹಾಕಿದೆವು. ಮತ್ತೆ ಹತ್ತು ಸಲ ಬೀಳಿಸಿದಾಗ ಒಂದೂ ಬಿರುಕು ಬಿಡಲಿಲ್ಲ. ಯಜಮಾನರು ನನ್ನನ್ನು ಉಳಿಸಿಕೊಂಡರು. ಅಕ್ಕನಿಗೆ ತಿಂಗಳ ಕೊನೆಗೆ ಬರಬೇಡಿ ಎಂದರು. ಹೊರಡುವ ದಿನವೂ ಅವರು ನನ್ನ ತಪ್ಪಿನ ಮಾತೆತ್ತಲಿಲ್ಲ. ಡಬ್ಬಿಯಲ್ಲಿದ್ದ ಚಿತ್ರಾನ್ನದಲ್ಲಿ ಅರ್ಧ ನನಗೆ ಹಾಕಿ, "ಊಟ ಬಿಟ್ಟು ಕೆಲ್ಸ ಮಾಡ್ಬೇಡ ಕಣೇ" ಎಂದರು, ಅಷ್ಟೆ.

ಕಳೆದ ವರ್ಷ ಅವರು ತೀರಿಕೊಂಡ ಸುದ್ದಿ ತಡವಾಗಿ ತಿಳಿದು ಭದ್ರಾವತಿಯ ಮನೆಗೆ ಹೋದೆ. ಅಕ್ಕನ ಮಗಳು ಕಾಫಿ ಕೊಟ್ಟು, "ಲಾರಿ ನಿಲ್ಸಿದ್ದು ನೀವೇ ಅಲ್ವಾ? ಯಜಮಾನ್ರ ಎದುರಿಗೇ ಫೇಲ್ ಅಂತ ಬರೆದ್ಲು, ಗಟ್ಟಿ ಹುಡುಗಿ ಅಂತ ಅಮ್ಮ ಬಂದೋರಿಗೆಲ್ಲ ಹೇಳೋರು" ಎಂದಳು.

ಲೋಟ ಕೆಳಗಿಟ್ಟೆ.

"ಇಲ್ಲಮ್ಮ. ಅದಕ್ಕೂ ಮುಂಚೆ ನಾನು ಪಾಸ್ ಅಂತ ಬರೆದಿದ್ದೆ" ಎಂದೆ. ಉಳಿದದ್ದನ್ನೂ ಹೇಳಿದೆ.

ಅವಳು ಗೋಡೆಯ ಮೇಲಿದ್ದ ಅಮ್ಮನ ಫೋಟೋದತ್ತ ತಿರುಗಿದಳು.

"ಅದೊಂದನ್ನ ಅಮ್ಮ ನಮಗೂ ಹೇಳ್ಲಿಲ್ಲ" ಎಂದಳು.