ಸಾವಂತ್ರವ್ವನ ಹೆಸರಿನ ಹುಲ್ಲು

ಲೋಂಡಾ ಕಾಡಿನ ನೆತ್ತಿಯ ಬಯಲು ಬಂಡೆ. ಈಗಷ್ಟೇ ಬೆಳಕು ಹರಿಯುತ್ತಿದೆ, ಮಳೆ ಹನಿಯುತ್ತಲೇ ಇದೆ. ಡಾ. ನೀಲಾ ಪೂಜೇರಿ ಕಂಬಳಿ ಕೊಪ್ಪೆ ಹೊದ್ದು ಮೊಣಕಾಲೂರಿದ್ದಾರೆ. ಬಿರುಕಿನಲ್ಲಿ ತೆನೆಬಿಟ್ಟ ಬೆರಳುದ್ದದ ಹುಲ್ಲಿನಿಂದ ಒಂದೇ ಒಂದು ಕಡ್ಡಿ ಕತ್ತರಿಸಿ, ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಇಡುತ್ತಾರೆ.

"ಮಳಿ ನಿಂತ್ರ ಇದು ಒಣಗಿ ಹೋಗತೈತ್ರಿ. ಅದಕ್ಕ ಪ್ರತಿ ವರ್ಷಾ ಓಡಿ ಬರತೀನಿ."

ಬರುವುದು ಸ್ವೀಡನ್ನಿನಿಂದ. ಅಲ್ಲಿನ ವಿಶ್ವವಿದ್ಯಾಲಯವೊಂದರಲ್ಲಿ ಮೂವತ್ತು ವರ್ಷಗಳಿಂದ ಸಸ್ಯಶಾಸ್ತ್ರ ಕಲಿಸುತ್ತಿದ್ದಾರೆ. ಹುಟ್ಟಿದ್ದು ದೇಸೂರಿನ ಕುರಿಗಾರರ ಮನೆಯಲ್ಲಿ. ಹೆಚ್ಚಿನ ಓದಿಗೆ ಹುಲ್ಲನ್ನೇ ಆರಿಸಿಕೊಂಡಾಗ ಸಹಪಾಠಿಗಳು ನಕ್ಕಿದ್ದರು. "ಕುರಿ ಕಾಯವ್ರ ಹುಡುಗಿ ಮತ್ತೇನ ಓದತಾಳ ಅಂದ್ರು. ಹೌದ್ರೆಪಾ, ಅದನ್ನ ಓದತೀನಿ ಅಂದೆ."

ಈ ಬಂಡೆಯ ಹುಲ್ಲು ಯಾವ ಗ್ರಂಥದಲ್ಲೂ ಇಲ್ಲವೆಂದು ಖಾತ್ರಿಯಾದದ್ದು ಹತ್ತು ವರ್ಷಗಳ ಹಿಂದೆ. ಹೊಸ ಪ್ರಭೇದಕ್ಕೆ ತಾಯಿ ಸಾವಂತ್ರವ್ವನ ಹೆಸರಿಡಲು ನೀಲಾ ಹೊರಟರು. ವಿಭಾಗದ ಮುಖ್ಯಸ್ಥರು ಒಪ್ಪಲಿಲ್ಲ. ಆ ಹೆಸರಿಗೆ ಯಾರ ನಾಲಿಗೆಯೂ ಹೊರಳುವುದಿಲ್ಲ ಎಂದರು. ಹೆಸರಿಗೆ ಶಾಶ್ವತ ಸಾಕ್ಷಿಯಾಗಿ ಒಣಗಿಸಿಡುವ ಮೂಲ ಮಾದರಿಯೂ ಸ್ವೀಡನ್ನಿನಲ್ಲೇ ಇರಬೇಕೆಂದರು.

"ನಿಮ್ಮ ಹೆಸರ ಸರಿಯಾಗಿ ಹೇಳಾಕ ನಾ ವರ್ಷಗಟ್ಲೆ ಕಲತೀನಿ, ನಮ್ಮವ್ವಂದು ನೀವು ಕಲೀರಿ ಅಂದೆ. ಮಾದರಿ ಬೆಳಗಾವ್ಯಾಗ ಇರತೈತಿ ಅಂತನೂ ಅಂದೆ."

ಅಂದಂತೆಯೇ ಮಾಡಿದರು. ಪ್ರಬಂಧವನ್ನು ಒಬ್ಬರೇ ಪ್ರಕಟಿಸಿದರು. ಮಾದರಿ ಬೆಳಗಾವಿಯ ಕಾಲೇಜೊಂದರ ಸಸ್ಯಸಂಗ್ರಹ ಸೇರಿತು. ಆ ವರ್ಷ ಬರಬೇಕಿದ್ದ ಬಡ್ತಿ ಇವತ್ತಿಗೂ ಬಂದಿಲ್ಲ. ಪ್ರಯೋಗಾಲಯವೂ ಕೈತಪ್ಪಿತು. ಸೂಕ್ಷ್ಮದರ್ಶಕ ಮನೆಯ ಅಡುಗೆಕೋಣೆಗೆ ಬಂತು.

"ಅತ್ತೇನ್ರಿ, ಯಾಕ ಸುಳ್ಳ ಹೇಳ್ಲಿ? ಅತ್ತು, ಮುಖಾ ತೊಳಕೊಂಡು ಕ್ಲಾಸಿಗೆ ಹೋದೆ."

ಊರಿಗೆ ಬಂದಾಗ ಇಳಿದುಕೊಳ್ಳುವುದು ರಾಮತೀರ್ಥ ನಗರದಲ್ಲಿ, ತಮ್ಮ ಬೀರೇಶನ ಮನೆಯಲ್ಲಿ. ಸಾವಂತ್ರವ್ವ ಇರುವುದೂ ಅಲ್ಲೇ. ಹೆಸರಿಟ್ಟ ಸುದ್ದಿ ಕೇಳಿದ ದಿನ ಆಕೆ ಕೇಳಿದ್ದು ಒಂದೇ ಮಾತು.

"ಆ ಹುಲ್ಲ ಕುರಿ ತಿಂತಾವೇನ?"

"ತಿಂತಾವಬೇ."

"ಹಂಗಾರ ಚಲೋ ಆತು ಬಿಡು."

ಈ ವರ್ಷ ಅದೇ ವಿಭಾಗಕ್ಕೆ ಹೊಸ ಮುಖ್ಯಸ್ಥರು ಬಂದಿದ್ದಾರೆ. ಅವರ ಸಂಶೋಧನೆಗೆ ಮೂಲ ಮಾದರಿ ಬೇಕಂತೆ, ತರಿಸಿಕೊಡಬಹುದೇ ಎಂದು ಕೇಳಿದ್ದಾರೆ. ಏನು ಹೇಳಿದಿರಿ ಎಂದರೆ, ನೀಲಾ ಹಾಳೆಗಳ ಕಟ್ಟು ಬಿಗಿದು ಎದ್ದು ನಿಲ್ಲುತ್ತಾರೆ.

"ಹಿಂದ ಹೊರಗ ಒಯ್ದಿಟ್ಟ ನಮ್ಮ ದೇಶದ ಹುಲ್ಲ ನೋಡಾಕ ನಾ ಲಂಡನ್ನು, ಪ್ಯಾರಿಸ್ಸು ಅಂತ ಅಡ್ಡಾಡೀನ್ರಿ. ಇದನ್ನ ನೋಡೋರು ಬೆಳಗಾವಿಗೆ ಬರ್ಲಿ. ಚಾ ನಾ ಮಾಡಿ ಕೊಡತೀನಿ."